ಸುಮ್ಮನೆ ಕೂತ ಮಗುವಿಗೆ ಎಷ್ಟು ಅಂಕ?

'ಅಂಕ ಸುಳ್ಳು ಹೇಳಲ್ಲ' ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಒಂದು ತಟ್ಟೆ ನೆನಪಾಗುತ್ತದೆ.

ತಟ್ಟೆಯಲ್ಲಿ ಸಣ್ಣಪುಟ್ಟ ವಸ್ತುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮಗು ಅರ್ಧ ನಿಮಿಷ ನೋಡಬೇಕು. ಆಮೇಲೆ ಎಲ್ಲವನ್ನೂ ಗುಡ್ಡೆ ಹಾಕಿ, ಯಾವುದು ಎಲ್ಲಿತ್ತೋ ಅಲ್ಲೇ ಇಡು ಅನ್ನುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿ ಮಕ್ಕಳ ಜೊತೆ ಮನಶ್ಶಾಸ್ತ್ರಜ್ಞೆ ಜುಡಿತ್ ಕಿಯರಿನ್ಸ್ ಮಾಡಿದ ಪರೀಕ್ಷೆ ಇದು. 1981ರಲ್ಲಿ ಪ್ರಕಟವಾಯಿತು. ಬಿಳಿಯ ಮಕ್ಕಳು ವಸ್ತುಗಳ ಹೆಸರು ಗೊಣಗುತ್ತಾ ಮಿಸುಕಾಡುತ್ತಿದ್ದರು. ಮೂಲನಿವಾಸಿ ಮಕ್ಕಳು ಅಲುಗಾಡದೆ, ತುಟಿ ಬಿಚ್ಚದೆ ನೋಡಿದರು. ವಾಪಸ್ ಇಡುವಾಗಲೂ ಆತುರ ಇರಲಿಲ್ಲ. ಜಾಸ್ತಿ ಸರಿ ಇಟ್ಟವರು ಅವರೇ.

ಮಾತಿನ ಮೇಲೆ ನಿಂತ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಇಂಥ ಮಕ್ಕಳನ್ನೇ 'ಹಿಂದುಳಿದವರು' ಅಂತ ಬರೆದುಕೊಂಡು ಬಂದಿದ್ದರು. ಅಳತೆಗೋಲು ಯಾರದ್ದು ಅಂತ ಯಾರೂ ಕೇಳಿರಲಿಲ್ಲ, ಅಲ್ವಾ? ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರ ಸಂಘ ಮೂಲನಿವಾಸಿಗಳ ಕ್ಷಮೆ ಕೇಳಿದ್ದು 2016ರಲ್ಲಿ.

ಮಕ್ಕಳ ಅಂಕವಷ್ಟೇ ಅಲ್ಲ, ಜೈಲಿನ ಬಾಗಿಲೂ ಇಂಥ ಪರೀಕ್ಷೆಗಳ ಮೇಲೆ ನಿಂತಿದೆ. ಕೆನಡಾದಲ್ಲಿ ಮೇಟಿ (Métis) ಅನ್ನುವ ಮೂಲನಿವಾಸಿ ಸಮುದಾಯದ ಒಬ್ಬ ಕೈದಿ ತಕರಾರು ಎತ್ತಿದರು. ಮತ್ತೆ ಅಪರಾಧ ಮಾಡುವ ಅಪಾಯವನ್ನು ಅಳೆಯುವ ಈ ಪರೀಕ್ಷೆಗಳು ನಮ್ಮಂಥವರಿಗೆ ಹೊಂದುತ್ತವೆಯಾ ಅಂತ ನೋಡಿದ್ದೀರಾ? ಅವರು ಕೇಳಿದ್ದು ಇಷ್ಟೇ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಪರೀಕ್ಷೆಗಳು ತಪ್ಪು ಅಂತ ಅದು ಹೇಳಲಿಲ್ಲ. ಸರಿಯೋ ತಪ್ಪೋ ಅಂತ ನೋಡದೆ ವರ್ಷಗಟ್ಟಲೆ ಬಳಸಿದ್ದು ಕಾನೂನು ಮೀರಿದ್ದು ಅಂದಿತು. ನನ್ನನ್ನು ಜಾಸ್ತಿ ಕಾಡುವುದು ಆ 'ನೋಡದೆ' ಅನ್ನುವ ಮಾತು.

ಪರೀಕ್ಷೆಯ ಪ್ರಶ್ನೆಗಳನ್ನು ಮೂಲನಿವಾಸಿಗಳ ಭಾಷೆಗೆ ಅನುವಾದ ಮಾಡಿದರೆ ಸಾಕು ಅನ್ನುವವರಿದ್ದಾರೆ. ನನಗೆ ಅದು ಸಾಲದು. ಆಸ್ಟ್ರೇಲಿಯಾದ ಎಷ್ಟೋ ಮೂಲನಿವಾಸಿಗಳಲ್ಲಿ ಸುಮ್ಮನಿರುವುದು ಯೋಚಿಸುವ ರೀತಿ, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಗೌರವ. ಅಧಿಕಾರಿ ಕೇಳಿದ್ದಕ್ಕೆಲ್ಲ 'ಹೌದು' ಅಂದರೆ ಒಪ್ಪಿದ್ದಾರೆ ಅಂತಲ್ಲ, ಮಾತು ಬೇಗ ಮುಗಿಯಲಿ ಅಂತಲೂ ಇರಬಹುದು. ಇದೊಂದೂ ಗೊತ್ತಿಲ್ಲದವರ ಕೈಯಲ್ಲಿ ಮೌನ 'ಖಿನ್ನತೆ' ಆಗುತ್ತದೆ, 'ಹೌದು' ಒಪ್ಪಿಗೆ ಆಗುತ್ತದೆ.

ಒಪ್ಪಿಗೆ ಅಂದರೆ ನನಗೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೂಲನಿವಾಸಿಗಳಾದ ಹವಸುಪಾಯಿ ಜನ ನೆನಪಾಗುತ್ತಾರೆ. 1990ರ ದಶಕದಲ್ಲಿ ಅವರು ರಕ್ತ ಕೊಟ್ಟಿದ್ದು ಸಕ್ಕರೆ ಕಾಯಿಲೆಯ ಸಂಶೋಧನೆಗೆ ಅಂತ ನಂಬಿ. ಅದೇ ರಕ್ತದಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಿಜೋಫ್ರೀನಿಯಾ ಅನ್ನುವ ಮಾನಸಿಕ ಕಾಯಿಲೆಯ ಸುಳಿವು ಹುಡುಕಿದರು, ಆ ಜನರ ಪೂರ್ವಜರು ಎಲ್ಲಿಂದ ಬಂದರು ಅಂತಲೂ ಬರೆದರು. ಆ ಕಣಿವೆಯೇ ತಮ್ಮ ಹುಟ್ಟಿನ ಜಾಗ ಅಂತ ನಂಬಿದವರನ್ನು ಒಂದು ಮಾತು ಕೇಳಲಿಲ್ಲ. ಮೊಕದ್ದಮೆ ಆಯಿತು. 2010ರಲ್ಲಿ ವಿಶ್ವವಿದ್ಯಾಲಯ 41 ಜನರಿಗೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಫ್ರೀಜರ್‌ನಲ್ಲಿ ಉಳಿದಿದ್ದ ರಕ್ತವನ್ನೂ ಹಿಂದಿರುಗಿಸಿತು. ಅದನ್ನು ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.