ಮುಖಕ್ಕೆ ಹಚ್ಚುವ ಈಸ್ಟ್ರೊಜೆನ್ ಕ್ರೀಮು: ಎಷ್ಟು ನಂಬಬಹುದು?

ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಅನ್ನೋ ಪ್ರೋಟೀನು ಸುಮಾರು 30% ಕಡಿಮೆಯಾಗುತ್ತೆ, ಆಮೇಲೆ ವರ್ಷಕ್ಕೆ 2%ರಷ್ಟು. ಹಾಗಿದ್ದ ಮೇಲೆ, ಮುಟ್ಟು ನಿಂತಾಗ ಮೈಯಲ್ಲಿ ಕಡಿಮೆಯಾಗುವ ಹಾರ್ಮೋನಾದ ಈಸ್ಟ್ರೊಜೆನ್ನನ್ನೇ ಮುಖಕ್ಕೆ ಹಚ್ಚಿದರಾಗದೇ ಅಂತ ಕೇಳೋದು ಸಹಜ.

ಉಪಯೋಗ ಇಲ್ಲ ಅಂತಲ್ಲ. 0.3% ಎಸ್ಟ್ರಿಯಾಲ್ ಅಥವಾ 0.01% ಎಸ್ಟ್ರಾಡಿಯಾಲ್ (ಎರಡೂ ಈಸ್ಟ್ರೊಜೆನ್‌ನ ಬಗೆಗಳೇ) ಕ್ರೀಮನ್ನು ಆರು ತಿಂಗಳು ಹಚ್ಚಿದವರಲ್ಲಿ ತೇವ, ಬಿಗಿ ಹೆಚ್ಚಿ, ಸಣ್ಣ ಸುಕ್ಕು ತಗ್ಗಿದ್ದು 1990ರ ದಶಕದಲ್ಲೇ ದಾಖಲಾಗಿದೆ. ಆದರೆ ಅಲ್ಲಿ ಔಷಧವಿಲ್ಲದ ಬರೀ ಕ್ರೀಮು ಹಚ್ಚಿದ ಗುಂಪಿರಲಿಲ್ಲ. ಫಲದಲ್ಲಿ ಹಾರ್ಮೋನಿನ ಪಾಲೆಷ್ಟು, ಜಿಡ್ಡಿನ ಪಾಲೆಷ್ಟು ಅಂತ ಬಿಡಿಸಿ ಹೇಳಕ್ಕಾಗಲ್ಲ. ಜೋತುಬಿದ್ದ ಗಲ್ಲ, ಕಣ್ಣಿನ ಕೆಳಗಿನ ಚೀಲದ ಆಸೆಯಂತೂ ಬಿಡಿ. ಅವು ಕೊಬ್ಬು, ಮೂಳೆಯ ಬದಲಾವಣೆ, ಕ್ರೀಮು ಅಲ್ಲೀವರೆಗೆ ಹೋಗಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು 2008ರ ಒಂದು ಅಧ್ಯಯನ. ಬಟ್ಟೆಯೊಳಗಿನ ಸೊಂಟದ ಚರ್ಮಕ್ಕೆ ಎಸ್ಟ್ರಾಡಿಯಾಲ್ ಹಚ್ಚಿದಾಗ ಕೊಲಾಜೆನ್ ತಯಾರಿ ಹೆಚ್ಚಿತು. ಬಿಸಿಲುಂಡ ಮುಖಕ್ಕೆ, ಮುಂಗೈಗೆ ಹಚ್ಚಿದಾಗ ಹೆಚ್ಚಲಿಲ್ಲ. ಅಂಗಳದಲ್ಲಿ ಅಡಿಕೆ ಹರಡುತ್ತಾ, ಗದ್ದೆ ನಟ್ಟಿ ಮಾಡುತ್ತಾ ಮೂವತ್ತು ವರ್ಷ ಬಿಸಿಲಲ್ಲಿ ಕಳೆದ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆಯ ಹೆಂಗಸರ ಮುಖ ಯಾವ ಗುಂಪಿಗೆ ಸೇರುತ್ತೆ ನೋಡಿ. ಅವರಿಗೆ ಮೊದಲು ಬೇಕಾದ್ದು ಸನ್‌ಸ್ಕ್ರೀನು. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಅದರ ಮೇಲಿನದ್ದು, ತೋರುಬೆರಳು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು, ಮುಖ ಕುತ್ತಿಗೆಗೆ. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ, ಬೆವರಿದರೂ ಮತ್ತೆ. ಮಳೆಗಾಲದ ಮೋಡ ಚರ್ಮಕ್ಕೆ ಸುಕ್ಕು ತರುವ ಯುವಿಎ ಕಿರಣವನ್ನು ಪೂರ್ತಿ ತಡೆಯಲ್ಲ, ಆಗುಂಬೆಯಲ್ಲೂ.

ಹಂಡೆಯ ಸುಡುನೀರನ್ನು ಮುಖಕ್ಕೆ ಹೊಯ್ದುಕೊಂಡರೆ ಇರೋ ಜಿಡ್ಡೂ ತೊಳೆದು ಹೋಗುತ್ತೆ. ಉಗುರುಬೆಚ್ಚಗಿನ ನೀರು ಸಾಕು, ಚರ್ಮ ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್. ರಾತ್ರಿ ಬಟಾಣಿ ಕಾಳಿನಷ್ಟು 0.025% ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಔಷಧದ ಕ್ರೀಮು), ವಾರಕ್ಕೆರಡು ಸಲ ಶುರು. ಸುಕ್ಕಿಗೆ ಇದಕ್ಕಿರುವಷ್ಟು ಆಧಾರ ಈಸ್ಟ್ರೊಜೆನ್ನಿಗಿಲ್ಲ. ಸಿಪ್ಪೆ ಏಳುತ್ತೆ, ಹೆದರಿ ಬಿಡಬೇಡಿ, ಅಂತರ ಹೆಚ್ಚಿಸಿ. ಮೂರ್ನಾಲ್ಕು ತಿಂಗಳಿಗೆ ಮುಂಚೆ ಕನ್ನಡಿಯಲ್ಲಿ ಫಲ ಹುಡುಕಬೇಡಿ.

ಯೋನಿಗೆಂದು ಕೊಟ್ಟ ಎಸ್ಟ್ರಿಯಾಲ್ ಟ್ಯೂಬನ್ನು ಮುಖಕ್ಕೂ ಹಚ್ಚೋರಿದ್ದಾರೆ. ಅದರ ಪ್ರಮಾಣ ಸಾಮಾನ್ಯವಾಗಿ 0.1%, ಮೇಲೆ ಹೇಳಿದ್ದರ ಮೂರನೇ ಒಂದು ಪಾಲು. ಮುಖಕ್ಕೆ, ಕುತ್ತಿಗೆಗೆ, ಕೈಗೆ ಅಂತ ಬಳಿದರೆ ರಕ್ತಕ್ಕೂ ಸೇರುತ್ತೆ. ಬಂಗು ಇರುವವರಿಗೆ ಕಲೆ ಇನ್ನೂ ಕಪ್ಪಾಗಬಹುದು. ಆಗ ಅಂಗಡಿಯಲ್ಲಿ ಸ್ಟಿರಾಯ್ಡ್ ಬೆರೆಸಿದ ಬಿಳಿ ಮಾಡುವ ಕ್ರೀಮು ತಂದು ಹಚ್ಚಿದರೆ ಚರ್ಮ ಮತ್ತಷ್ಟು ತೆಳುವಾಗಿ, ಕೆಂಪು ನರ ಎದ್ದು ಕಾಣುತ್ತೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈಸ್ಟ್ರೊಜೆನ್ ಮುಟ್ಟಬೇಡಿ. ಹಚ್ಚುವವರು ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಕ್ರೀಮು ಹಚ್ಚಿದ ಕೆನ್ನೆಗೆ ಮೊಮ್ಮಕ್ಕಳನ್ನು ಒತ್ತಿ ಮುದ್ದಾಡಬೇಡಿ, ಹಾರ್ಮೋನು ಮಕ್ಕಳ ಮೈಗೂ ಹತ್ತುತ್ತೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕ್ರೀಮು ನಿಲ್ಲಿಸಿ, ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.