ಸ್ಪಷ್ಟನೆ: ಹೆಡ್‌ಮಾಸ್ಟರ್ ತರಗತಿ ಸುತ್ತಿದರೆ ಸಾಕೇ?

‘ಹೆಡ್‌ಮಾಸ್ಟರ್ ದಿನಾ ಎಲ್ಲ ತರಗತಿಗೂ ಒಂದು ಸುತ್ತು ಹಾಕಿ ಬಂದರೆ ಮಕ್ಕಳ ಕಲಿಕೆ ಏರುತ್ತದೆ, ಸಂಶೋಧನೆಯೇ ಹೇಳಿದೆ’ ಎಂಬ ಮಾತು ಶಿಕ್ಷಕರ ನಡುವೆ ಓಡಾಡುತ್ತಿದೆ. ಅದು ಹಾಗಿಲ್ಲ.

ಅಮೆರಿಕದ ಮಯಾಮಿ-ಡೇಡ್ ಜಿಲ್ಲೆಯಲ್ಲಿ ಸುಮಾರು 100 ಪ್ರಿನ್ಸಿಪಾಲರ ಬೆನ್ನಿಗೇ ಇದ್ದು, ಅವರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಬರೆದುಕೊಂಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡದ್ದು ಹೆಚ್ಚುಕಡಿಮೆ ಉಲ್ಟಾ. ಸುಮ್ನೆ ಇಣುಕಿ ಹೋಗುವ ಭೇಟಿ ಜಾಸ್ತಿ ಇದ್ದ ಕಡೆ ಕಲಿಕೆಯ ಏರಿಕೆ ಕಡಿಮೆಯೇ ಇತ್ತು. ಹೈಸ್ಕೂಲುಗಳಲ್ಲಂತೂ ಇದು ಇನ್ನೂ ಎದ್ದು ಕಾಣುತ್ತಿತ್ತು. ಒಳ್ಳೆಯ ಫಲಿತಾಂಶದ ಜೊತೆ ಕಂಡದ್ದು ಬೇರೆ ಕೆಲಸಗಳು: ಶಿಕ್ಷಕರ ಜೊತೆ ಕೂತು ಪಾಠದ ಬಗ್ಗೆ ಮಾತಾಡಿ ತಿದ್ದುವುದು, ಅವರ ಬೋಧನೆಯನ್ನು ಸರಿಯಾಗಿ ಮೌಲ್ಯಮಾಪನ ಮಾಡುವುದು, ಶಾಲೆಯ ಪಾಠಕ್ರಮ ರೂಪಿಸುವುದು. ವಿಚಿತ್ರ ಅಂದರೆ, ಹೀಗೆ ಕೂತು ತಿದ್ದುವುದಕ್ಕೆ ಅವರು ಕೊಟ್ಟ ಸಮಯ ಶೇ 1ಕ್ಕಿಂತಲೂ ಕಡಿಮೆ. ಸುತ್ತಾಟಕ್ಕೆ ಶೇ 5ಕ್ಕಿಂತ ಜಾಸ್ತಿ!

ಹಾಗಂತ ತರಗತಿಗೆ ಹೋಗಲೇಬಾರದು ಅಂತಲ್ಲ. ಇದು ಕಾರಣ-ಪರಿಣಾಮದ ಸಾಬೀತೂ ಅಲ್ಲ, ಎರಡೂ ಒಟ್ಟಿಗೆ ಕಂಡವು ಅಷ್ಟೆ. ಭೇಟಿಯಲ್ಲಿ ನೋಡಿದ್ದನ್ನು ಶಿಕ್ಷಕರ ಬೆಳವಣಿಗೆಗೆ ಬಳಸಿಕೊಂಡ ಶಾಲೆಗಳಲ್ಲಿ ಆ ಕೆಟ್ಟ ನಂಟು ಅಷ್ಟಾಗಿ ಕಾಣಲಿಲ್ಲ. ಬಾಗಿಲಲ್ಲಿ ನಿಂತು ರಿಜಿಸ್ಟರಿಗೆ ಸಹಿ ಹಾಕಿ ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಅಲ್ವಾ?