ಚುಕ್ಕೆ ಬಂದಿದೆ, ಹುಡುಗ ಬಂದಿಲ್ಲ

ಮೊನ್ನೆ ರಾತ್ರಿ ಮುಂಬಯಿಯ ಮುಲುಂಡ್‌ನಲ್ಲಿ ಧೋ ಅಂತ ಮಳೆ. ಅಡುಗೆಗೆ ಮನಸ್ಸಿರಲಿಲ್ಲ, ಮಸಾಲೆ ದೋಸೆ ತರಿಸಿದೆ. (ಉಡುಪಿ ಕಡೆಯವಳಾಗಿ ದೋಸೆಯನ್ನು ಹೊರಗಿಂದ ತರಿಸಿದ್ದು ದಯವಿಟ್ಟು ನಮ್ಮಮ್ಮನಿಗೆ ಹೇಳಬೇಡಿ.) ಫೋನ್ ತೆಗೆದು ಡೆಲಿವರಿ ಆ್ಯಪ್‌ನ ಮ್ಯಾಪ್ ನೋಡಿದರೆ ಬೈಕಿನ ಚುಕ್ಕೆ ನಮ್ಮ ಬಿಲ್ಡಿಂಗ್ ಮೇಲೆಯೇ ಕೂತಿತ್ತು. ಹತ್ತು ನಿಮಿಷವಾದರೂ ಬೆಲ್ ಇಲ್ಲ. ಸಿಟ್ಟು ಬಂದು ಫೋನ್ ಮಾಡಿದೆ. ಹಿಂದಿಯಲ್ಲಿ ಜೋರು ಮಾಡುವಷ್ಟರಲ್ಲಿ ಆ ಕಡೆ ಹುಡುಗ ತನ್ನಷ್ಟಕ್ಕೆ "ಯಪ್ಪಾ, ಮತ್ತ ತಪ್ಪಿತಲ್ಲೋ" ಅಂದ. ನನ್ನ ಜೋರು ಅಲ್ಲೇ ಇಳಿಯಿತು.

ಮಹಾರಾಷ್ಟ್ರದ್ದೇ ಆದರೂ ಕನ್ನಡ ಮಾತಾಡುವ ಗಡಿಯೂರು ಜತ್ತ ಕಡೆಯ ಹುಡುಗ. ಮೇಲೆ ಬಂದಾಗ ತೊಪ್ಪೆಯಾಗಿದ್ದ. ಫೋನನ್ನು ಹಾಲಿನ ಪ್ಯಾಕೆಟ್‌ನಂಥ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದ. "ಮ್ಯಾಪ್ ಹಿಂದಿನ ಗಲ್ಲಿಗೆ ಒಯ್ತದರೀ ಅಕ್ಕಾ. ಅಲ್ಲಿ ಬರೀ ಗ್ವಾಡಿ ಅದ" ಅಂದ. ನಿಜ. ನಮ್ಮ ಹಿಂದಿನ ಗಲ್ಲಿಗೆ ಗೇಟೇ ಇಲ್ಲ.

ಮರುದಿನ ಇದನ್ನು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹೇಳಿದೆ. ಒಬ್ಬರು ಥಟ್ಟನೆ ಉತ್ತರ ಕೊಟ್ಟರು: ಹುಡುಗ ನೆಪ ಹೇಳ್ತಾನೆ, ಜಿಪಿಎಸ್ ಸುಳ್ಳು ಹೇಳಲ್ಲ. ಈ ಮಾತು ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಈ ಉದ್ದದ ಪೋಸ್ಟ್.

ಮೊದಲನೆಯದಾಗಿ, ಮೇಲಿರುವ ಜಿಪಿಎಸ್ ಉಪಗ್ರಹಕ್ಕೆ ನೀವು ಯಾರು, ಎಲ್ಲಿದ್ದೀರಿ ಅಂತ ಗೊತ್ತೇ ಇಲ್ಲ. ಅದು ನಮ್ಮನ್ನು ನೋಡುತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ "ನಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ಟೈಮ್ ಇಷ್ಟು" ಅಂತ ಕೂಗುತ್ತಿರುತ್ತದೆ, ಅಷ್ಟೇ. ಕೇಳಿಸಿಕೊಂಡು ಲೆಕ್ಕ ಹಾಕುವುದು ನಮ್ಮ ಫೋನು. ಆ ಲೆಕ್ಕವನ್ನು ಯಾರಿಗೋ ಹೇಳುವುದು ಫೋನಿನೊಳಗಿನ ಆ್ಯಪ್. ಬೇಹುಗಾರಿಕೆಯ ಭಯ ಇರುವವರು ಆಕಾಶ ನೋಡಬೇಡಿ, ಸೆಟ್ಟಿಂಗ್ಸ್ ನೋಡಿ.

ಚಿಕ್ಕವರಿದ್ದಾಗ ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆವು, ನೆನಪಿದೆಯಾ? ಮೂರಕ್ಕೆ ಗುಡುಗಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಫೋನ್ ಮಾಡುವುದೂ ಅದನ್ನೇ. ಆದರೆ ಇಲ್ಲಿ ಬರುವುದು ಶಬ್ದವಲ್ಲ, ರೇಡಿಯೋ ಅಲೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಮೇಲಿಂದ ನಮ್ಮ ಕೈಗೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಪೂರಾ ಬೇಡ. ಹಾಗಾಗಿ ಎಣಿಕೆ ಸ್ವಲ್ಪವೂ ತಪ್ಪುವಂತಿಲ್ಲ. ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ 30 ಮೀಟರ್ ತಪ್ಪು. ಎ ವಿಂಗ್‌ನಿಂದ ಸಿ ವಿಂಗ್‌ಗೆ ಹೋದ ಹಾಗೆ.

ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇಟ್ಟಿರುತ್ತಾರೆ. ಅದೂ ಸುಮ್ನೆ ಇಟ್ಟರೆ ಸಾಲದು. ಐನ್‌ಸ್ಟೈನ್ ಹೇಳಿದಂತೆ ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಆ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ (ಒಂದು ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಇವತ್ತು ದಾದರ್‌ನಲ್ಲಿದ್ದ ಚುಕ್ಕೆ ನಾಳೆ ಸುಮಾರು ಹತ್ತು ಕಿಲೋಮೀಟರ್ ಆಚೆ, ಘಾಟ್‌ಕೋಪರ್ ಆಸುಪಾಸು ಇರುತ್ತದೆ. ಇನ್ನು ನಮ್ಮ ಫೋನಿನ ಗಡಿಯಾರ ಅಗ್ಗದ್ದು, ನಂಬಿಕೆಗೆ ಯೋಗ್ಯವಲ್ಲ. ಜಾಗ ಕಂಡುಹಿಡಿಯಲು ಮೂರು ಉಪಗ್ರಹ ಸಾಕಾದರೂ ಈ ಗಡಿಯಾರದ ತಪ್ಪು ಹಿಡಿಯಲು ನಾಲ್ಕನೆಯದು ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೂ ತೆರೆದ ಬಯಲಿನಲ್ಲಿ ಫೋನಿಗೆ ಸಿಗುವ ಅಂದಾಜು ಸುಮಾರು 5 ಮೀಟರ್ ಆಚೀಚೆ. ಮುಂಬಯಿಯಲ್ಲಿ ಬಯಲೆಲ್ಲಿದೆ ಮಾರಾಯ್ರೆ? ಉಪಗ್ರಹ ಕಳಿಸುವ ಶಕ್ತಿ ಹಳೇ ಕಾಲದ ಬಲ್ಬಿನಷ್ಟು. ಆ ಬಡಪಾಯಿ ಅಲೆ ಇಲ್ಲಿಗೆ ಬಂದು ಇಪ್ಪತ್ತು ಮಹಡಿಯ ಗಾಜಿಗೆ ಬಡಿದು, ಎದುರಿನ ಗೋಡೆಗೆ ಹಾರಿ, ಆಮೇಲೆ ಹುಡುಗನ ಕವರಿನೊಳಗಿನ ಫೋನಿಗೆ ತಲುಪುತ್ತದೆ. ಸುತ್ತಿ ಬಂದದ್ದರಿಂದ ತಡ. ತಡವಾದ್ದರಿಂದ ದೂರ ಜಾಸ್ತಿ ಅಂತ ಫೋನಿನ ಲೆಕ್ಕ. ಚುಕ್ಕೆ ನಮ್ಮ ಬಿಲ್ಡಿಂಗ್‌ನಲ್ಲಿ, ಹುಡುಗ ಗೋಡೆಯ ಆಚೆ.

ಎತ್ತರದ ವಿಷಯದಲ್ಲಂತೂ ಇನ್ನೂ ಕಷ್ಟ. ಫೋನಿಗೆ ಕೇಳಿಸುವ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಮೇಲೆ-ಕೆಳಗಿನ ಲೆಕ್ಕ ಯಾವಾಗಲೂ ಸಡಿಲ. ಜೆಜೆ ಫ್ಲೈಓವರ್ ಹತ್ತಿರ ಟ್ಯಾಕ್ಸಿಯಲ್ಲಿ ಹೋಗಿ ನೋಡಿ. ನೀವು ಕೆಳಗೆ ಮೊಹಮ್ಮದ್ ಅಲಿ ರೋಡಿನ ಜನಜಂಗುಳಿಯಲ್ಲಿ ಸಿಕ್ಕಿಬಿದ್ದಿದ್ದರೂ ಮ್ಯಾಪ್ ನಿಮ್ಮನ್ನು ಮೇಲೆ ಓಡಿಸುತ್ತಿರಬಹುದು. ನಮ್ಮ ಮನೆ ಏಳನೇ ಮಹಡಿ. ಆ ಏಳು ಮಹಡಿಯೂ ಚುಕ್ಕೆಯಲ್ಲಿಲ್ಲ. ಗೇಟಿನಲ್ಲಿ ಎಂಟ್ರಿ, ವಾಚ್‌ಮನ್‌ನ ಪ್ರಶ್ನೆ, ಡೆಲಿವರಿಯವರಿಗೆ ಅಂತ ಬೇರೆ ಲಿಫ್ಟು, ಅದು ಕೆಟ್ಟಿದ್ದರೆ ಮೆಟ್ಟಿಲು. ಚುಕ್ಕೆಗೆ ಇದ್ಯಾವುದೂ ಇಲ್ಲ ಅಲ್ವಾ?

ಇದನ್ನು ಬೈಯ್ಯಲು ಬರೆಯುತ್ತಿಲ್ಲ. ಕಡಲಿನಲ್ಲಿ ಕಟ್ಟಡವಿಲ್ಲ, ಅಲ್ಲಿ ಇದೇ ತಂತ್ರ ಜೀವ ಉಳಿಸುತ್ತದೆ. ಮಲ್ಪೆಯಲ್ಲಿ ನಮ್ಮ ಮಾವನವರು ದೋಣಿಯಿಂದ ದಡದ ತೆಂಗು, ಗುಡ್ಡ ನೋಡಿ ದಾರಿ ಹಿಡಿಯುತ್ತಿದ್ದರು. ಈಗ ಮೀನುಗಾರರಿಗೆ ಚಂಡಮಾರುತದ ಎಚ್ಚರಿಕೆಯನ್ನು ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್ ಉಪಗ್ರಹಗಳ ಮೂಲಕ ಕಳಿಸುವ ವ್ಯವಸ್ಥೆ ಇದೆ. ಆ ನಾವಿಕ್‌ಗಾಗಿ ಇರುವ ಇಸ್ರೋದ ನ್ಯಾವಿಗೇಶನ್ ಸೆಂಟರ್ ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ. ಅದರ ಕಥೆಯೂ ಗಡಿಯಾರದ ಕಥೆಯೇ. 2013ರಲ್ಲಿ ಮೊದಲ ಉಪಗ್ರಹ ಹೋಯಿತು. ಆಮೇಲೆ ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. ಕೊನೆಗೆ ನಮ್ಮವರೇ ರುಬಿಡಿಯಂ ಪರಮಾಣು ಗಡಿಯಾರ ಮಾಡಿ 2023ರ ಮೇ 29ರಂದು ಎನ್‌ವಿಎಸ್-01 ಅನ್ನುವ ಹೊಸ ನಾವಿಕ್ ಉಪಗ್ರಹದಲ್ಲಿ ಮೇಲೆ ಕಳಿಸಿದರು. 2025ರ ಜನವರಿಯಲ್ಲಿ ಹೋದ ಎರಡನೆಯದು ಸರಿಯಾದ ಕಕ್ಷೆ ಸೇರಲೇ ಇಲ್ಲ. ಒಂದು ಗಡಿಯಾರವನ್ನು ಮೇಲೆ ನೆಟ್ಟಗೆ ಓಡಿಸುವುದು ಎಷ್ಟು ಕಷ್ಟ ಅಂತ ಇಸ್ರೋದವರಿಗೆ ಗೊತ್ತು. ನಮ್ಮ ಸೊಸೈಟಿ ಗುಂಪಿಗೆ ಗೊತ್ತಿಲ್ಲ.

ನನ್ನ ತಕರಾರು ಇಷ್ಟೇ. ವಿಜ್ಞಾನಿಗಳು "ಅಂದಾಜು" ಅಂತ ಕೊಟ್ಟದ್ದನ್ನು ಆ್ಯಪ್‌ನವರು "ಸಾಕ್ಷಿ" ಅಂತ ಮಾಡಿಬಿಟ್ಟಿದ್ದಾರೆ. ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಇರುತ್ತದಲ್ಲ, ಅದರ ಅರ್ಥವೇ "ಇದರೊಳಗೆ ಎಲ್ಲೋ" ಅಂತ. ಆರ್ಡರ್ ಮಾಡಿ ಕಾಯುವವರ ಸ್ಕ್ರೀನಿನಲ್ಲಿ ಆ ವೃತ್ತವನ್ನೇ ತೆಗೆದು ಪುಟ್ಟ ಬೈಕು ಇಟ್ಟಿದ್ದಾರೆ. 30 ಮೀಟರಿನ ತಪ್ಪಿಗೆ ರೇಟಿಂಗ್ ಕಳೆದುಕೊಳ್ಳುವವನು ಮಳೆಯಲ್ಲಿ ನೆನೆದವನು. ಹಿಂದೆ ನಮ್ಮ ಹೋಟೆಲಿನ ಹುಡುಗರು ಪಾನ್ ಅಂಗಡಿಯವನನ್ನು ಕೇಳಿಕೊಂಡು ಚಾಳಿಗೆ ಟಿಫಿನ್ ಮುಟ್ಟಿಸುತ್ತಿದ್ದರು. ತಡವಾದರೆ ಬೈಗುಳ ಬೀಳುತ್ತಿತ್ತು, ಸಂಬಳ ಕಟ್ ಆಗುತ್ತಿರಲಿಲ್ಲ.

ನಿನ್ನೆ ಕೂತು ನಮ್ಮ ಮನೆಯ ಪಿನ್ನನ್ನು ಬೆರಳಿನಿಂದ ಎಳೆದು ಮುಂದಿನ ಗೇಟಿನ ಮೇಲೆ ಇಟ್ಟೆ. "ಔಷಧಿ ಅಂಗಡಿಯ ಪಕ್ಕದ ಹಸಿರು ಗೇಟು, ಹಿಂದಿನ ಗಲ್ಲಿಗೆ ಹೋಗಬೇಡಿ" ಅಂತ ಹಿಂದಿಯಲ್ಲೂ ಕನ್ನಡದಲ್ಲೂ ಬರೆದೆ. ಲಿಫ್ಟಿನ ವಿಷಯವನ್ನು ಗುಂಪಿನಲ್ಲಿ ಹಾಕಿದ್ದೇನೆ. ಹದಿನೇಳು ಜನ ನೋಡಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ.